ಸದ್ಯದ ಉದ್ಯೋಗ

ಶೇಡ್‌ನೆಟ್ಟಿನ ಬಾಗಿಲಲ್ಲಿ ನಿಂತು ಸುಧಾರಾಣಿ ಹೆಸರು ಹಿಡಿದು ಕರೆದಾಗ, ಬೀಜದ ಕಂಪನಿಗಾಗಿ ಬೆಳೆಸಿದ್ದ ಟೊಮ್ಯಾಟೊ ಸಾಲುಗಳ ನಡುವೆ ಬಾಗಿದ್ದ ಹತ್ತು ಹೆಂಗಸರಲ್ಲಿ ಒಂಬತ್ತು ಜನ ತಲೆ ಎತ್ತಿದರು. ಎತ್ತದೆ ಉಳಿದವಳೇ ಜಯಾ ಎಂದು ಅವಳಿಗೆ ಗೊತ್ತಾಯಿತು.

ಹಿರೇಕೆರೂರಿನ ಕಾಲೇಜಿನಲ್ಲಿ ಮೂರು ವರ್ಷ ತಾನೇ ಪಾಠ ಹೇಳಿದ ಹುಡುಗಿ. ಊರು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಅವ್ವನ ಜೊತೆ ಕೂಲಿ ಹುಡುಕಿಕೊಂಡು ಈ ಕಡೆ ಬಂದವಳು. ಡಿಗ್ರಿ ಮುಗಿದದ್ದೇ ಫೋನ್ ಎತ್ತುವುದನ್ನು ಬಿಟ್ಟಿದ್ದಳು; ಇಲ್ಲಿದ್ದಾಳೆಂದು ಹಳೆಯ ಸಹಪಾಠಿಯೊಬ್ಬಳು ತಿಳಿಸಿದ್ದಳು. ನೆಲೆ ತಪ್ಪಿದ ಇಂಥ ಹೆಣ್ಣುಮಕ್ಕಳ ಮುಂದಿನ ಓದಿಗೆ, ನೌಕರಿಗೆ ನೆರವಾಗಲೆಂದು ಕಾಲೇಜಿನಲ್ಲಿ ಈಗ ಒಂದು ಕೇಂದ್ರ ಶುರುವಾಗಿತ್ತು. ಅದರ ಅರ್ಜಿ ಸುಧಾರಾಣಿಯ ಚೀಲದಲ್ಲಿತ್ತು. ರಟ್ಟೀಹಳ್ಳಿಯ ಬಸ್ಸಿನಲ್ಲಿ ಕುಳಿತು, ಹುಡುಗಿಗೆ ನೋವಾಗದಂತೆ ಏನು ಹೇಳಬೇಕು, ಏನು ಹೇಳಬಾರದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಳು.

ಆಳುಗಳ ಮೇಲೆ ನಿಗಾ ಇಡುವ ಉಳವಪ್ಪ ಎದುರಿಗೆ ಬಂದ. ಯಾರು ಬೇಕಾಗಿತ್ತೆಂದು ಕೇಳಿ, ಜಯಾಳ ಹೆಸರಿಗೆ ನಕ್ಕ.

“ನಮ್ಮ ಜಯಾನ? ಕೈ ಭಾಳ ಚುರುಕ್ರಿ. ಆದ್ರ ಅವ್ವನ ಗುಳಿಗಿ ಚೀಟಿ ಮ್ಯಾಲ ಏನ್ ಬರದೈತಿ ಅಂತ ನನ್ನ ಕೇಳಾಕ ಬರ್ತಾಳ. ನಾ ಕಲ್ತದ್ದು ನಾಕನೇತ್ತೆ ತನಕ, ನಾನ ಆಕೀಗೆ ಮಾಸ್ತರ.”

ಸುಧಾರಾಣಿಯೂ ನಕ್ಕಳು. “ಏನ್ ಚಾಷ್ಟಿ ಮಾಡ್ತೀರಿ. ಆಕಿ ಬಿ.ಎಸ್ಸಿ. ಸಸ್ಯಶಾಸ್ತ್ರದಾಗ ನಮ್ಮ ಕಾಲೇಜಿಗೇ ಫಸ್ಟ್ ಬಂದಾಕಿ.”

ಉಳವಪ್ಪನ ನಗು ನಿಂತಿತು. ಸಾಲಿನ ತುದಿಗೆ ತೂಗಿಬಿಟ್ಟಿದ್ದ ತಳಿಯ ನಂಬರಿನ ಫಲಕವನ್ನೊಮ್ಮೆ, ಜಯಾಳ ಬೆನ್ನನ್ನೊಮ್ಮೆ ನೋಡಿದ. ಕಳೆದ ವರ್ಷ ಪಕ್ಕದ ಪ್ಲಾಟಿನಲ್ಲಿ ಓದಿದವಳೊಬ್ಬಳು ಹೈಬ್ರಿಡ್‌ಗೆ ಪರಾಗ ಕೊಡುವ ಗಂಡು ತಳಿಯ ಬೀಜ ಕದ್ದು ಬೇರೆ ಕಂಪನಿಗೆ ಕೊಟ್ಟಳಂತೆ. ಅಂದಿನಿಂದ ಶಾಲೆ ಕಲಿತವರನ್ನು ನೆಟ್ಟಿನೊಳಗೆ ಬಿಡಬಾರದೆಂದು ಮಾಲೀಕನ ಅಪ್ಪಣೆ. ಇದನ್ನೆಲ್ಲ ಅವನು ಸಿಟ್ಟಿಲ್ಲದೆ, ತಗ್ಗಿದ ದನಿಯಲ್ಲಿ ಹೇಳಿದ. ಜಯಾ ಅಂಥವಳಲ್ಲ ಎಂದು ಸುಧಾರಾಣಿ ಎಷ್ಟು ಹೇಳಿದರೂ, ತನ್ನ ಕೈಯಲ್ಲಿಲ್ಲ ಎಂಬ ಒಂದೇ ಮಾತು.

ಈವರೆಗೆ ಅವನ ಬಾಯಲ್ಲಿ ‘ಲೇ ಜಯಾ’ ಆಗಿದ್ದವಳಿಗೆ ಅವನೇ ಪ್ಲಾಸ್ಟಿಕ್ ಕುರ್ಚಿ ತಂದು ಹೊರಗೆ ಬೇವಿನ ನೆರಳಿಗೆ ಹಾಕಿದ.

“ಹೊರಗ ಬರ್ರಿ ಜಯಕ್ಕಾರ. ಕುಂದರ್ರಿ. ಅವ್ವಾರಿಗೆ ಆರಾಮಿಲ್ಲ, ಸೋಮವಾರದ ತನಕ ಆಳಿಗೆ ಕೊಟ್ಟ ತಗಡಿನ ಖೋಲಿಯಾಗ ಇರ್ರಿ. ಆಮ್ಯಾಲ ಅದಕ್ಕ ಬ್ಯಾರೆದಾರು ಬರ್ತಾರ.”

ಜಯಾ ಬಂದಳು. ಹೆಣ್ಣು ತಳಿಯ ಹೂಗಳಿಗೆ ಮುಟ್ಟಿಸುವ ಪರಾಗ ತುಂಬಿದ್ದ ಪ್ಲಾಸ್ಟಿಕ್ ಉಂಗುರವನ್ನು ಬೆರಳಿನಿಂದ ಬಿಚ್ಚಿ, ಒಂದು ಕಣವೂ ಚೆಲ್ಲದಂತೆ ಅವನ ಅಂಗೈಯಲ್ಲಿಟ್ಟಳು. ಸುಧಾರಾಣಿಯನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಏನೂ ತೋಚದೆ ಸುಧಾರಾಣಿ ಅರ್ಜಿ ತೆಗೆದಳು. ಆಯ್ಕೆಗೆ ಮೂರು ತಿಂಗಳು, ತರಬೇತಿಗೆ ಆರು ತಿಂಗಳು, ಆಮೇಲೆ ಎಲ್ಲಾದರೂ ನೌಕರಿ ಆಗಬಹುದು ಎಂದಳು.

“ಅಲ್ಲೀ ತನಕ ಅವ್ವನ್ನ ಎಲ್ಲೆ ಇಡ್ಲಿರಿ?”

ಸುಧಾರಾಣಿ ಅರ್ಜಿಯ ಎರಡೂ ಬದಿ ನೋಡಿದಳು. ಆ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ. ಹೆಸರು ಬರೆದಳು. ಡಿಗ್ರಿ ಬರೆದಳು. ‘ಸದ್ಯದ ಉದ್ಯೋಗ’ ಎಂಬಲ್ಲಿ ಪೆನ್ನು ನಿಂತಿತು.

“ಇಲ್ಲ ಅಂತ ಬರೀರಿ ಮೇಡಮ್,” ಎಂದಳು ಜಯಾ, ಬೆರಳಿಗೆ ಅಂಟಿದ್ದ ಹೂವಿನ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. “ಮುಂಜಾನೆ ಇತ್ರಿ.”