ನಲವತ್ತು ಸಾವಿರ ವಾರ್ನಿಂಗ್‌ಗಳ ನಡುವೆ ಒಂದು ಸಾಲು

ಓದಲು ಮೂರು ನಿಮಿಷ ಸಾಕು... ನನಗಂತೂ ಒಂದು ವಾರವಾದರೂ ತಲೆಯಿಂದ ಹೋಗಿಲ್ಲ.

ಮೈಸೂರಿನಲ್ಲಿ ಒಂದು ಚಿಕ್ಕ ಕಂಪನಿ. ಆಗತಾನೆ ಹುಟ್ಟಿದ ಶಿಶುಗಳನ್ನು ಬೆಚ್ಚಗಿಡುವ ವಾರ್ಮರ್ ಯಂತ್ರ ತಯಾರಿಸುತ್ತದೆ.

ಯಂತ್ರದೊಳಗೆ ಒಂದು ಪುಟ್ಟ ಕಂಪ್ಯೂಟರ್. ಅದರ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಏನಾದರೂ ಅನುಮಾನ ಬಂದರೆ ಅದು ಲಾಗ್ ಎಂಬ ದಿನಚರಿಯಲ್ಲಿ ಒಂದು ಸಾಲು ಬರೆದಿಡುತ್ತದೆ... ವಾರ್ನಿಂಗ್ ಎಂದು.

ಒಂದು ಸಾಲಾದರೆ ಸರಿ... ಇಲ್ಲಿ ದಿನಕ್ಕೆ ನಲವತ್ತು ಸಾವಿರ! ಪರದೆಯ ಬೆಳಕು ಬದಲಾದರೂ ವಾರ್ನಿಂಗ್, ಫ್ಯಾನ್ ಸ್ವಲ್ಪ ನಿಧಾನವಾದರೂ ವಾರ್ನಿಂಗ್.

"ಎರರ್ ಅಲ್ವಲ್ಲ, ವಾರ್ನಿಂಗ್ ತಾನೆ" ಎಂದು ಯಾರೂ ಓದುವ ಗೋಜಿಗೇ ಹೋಗುತ್ತಿರಲಿಲ್ಲ.

ಅಲ್ಲಿ ಕುಮುದಾ ಎಂಬ ಎಂಜಿನಿಯರ್. ವಯಸ್ಸು ಐವತ್ತೆರಡು. ಒಂದು ದಿನ ಮುಖ್ಯಸ್ಥ ಚಂದ್ರಮೌಳಿಯವರ ಮುಂದೆ ನಿಂತರು.

"ಸರ್, ಈ ವಾರ್ನಿಂಗ್‌ಗಳನ್ನೆಲ್ಲ ಕ್ಲೀನ್ ಮಾಡ್ತೀನಿ. ಎರಡು ತಿಂಗಳು ಕೊಡಿ."

ಚಂದ್ರಮೌಳಿ ನಕ್ಕುಬಿಟ್ಟರು. "ಎರಡು ತಿಂಗಳು ಯಾಕ್ರೀ? ಸೆಟ್ಟಿಂಗ್‌ನಲ್ಲಿ ಒಂದು ಪದ ಹಾಕಿದ್ರೆ ಎಲ್ಲಾ ಬಾಯಿ ಮುಚ್ಕೊಳ್ತವೆ."

"ಬಾಯಿ ಮುಚ್ಚಿಸೋದು ಸುಲಭ ಸರ್... ಆದ್ರೆ ಅದರಲ್ಲಿ ಯಾವುದು ನಿಜ ಹೇಳ್ತಿತ್ತು ಅಂತ ಆಮೇಲೆ ಗೊತ್ತಾಗಲ್ಲ."

"ಸರಿ, ಬಿಡುವಿದ್ದಾಗ ಮಾಡ್ಕೊಳ್ಳಿ. ಕಸ ಗುಡಿಸೋ ಕೆಲಸಕ್ಕೆಲ್ಲ ಟೈಮ್ ಕೊಡೋಕಾಗಲ್ಲ."

ಬಿಡುವು ಎಂದರೆ ಊಟದ ಹೊತ್ತು... ಕುಮುದಾ ಅಲ್ಲೇ ಡಬ್ಬಿ ಬಿಚ್ಚಿಟ್ಟುಕೊಂಡು ಒಂದೊಂದೇ ಸಾಲು ಹಿಡಿದರು.

ಬರೀ ಮಾಹಿತಿಯಾಗಿದ್ದನ್ನು ವಾರ್ನಿಂಗ್ ಪಟ್ಟಿಯಿಂದ ಇಳಿಸಿದರು. ಸಾವಿರ ಸಲ ಕೂಗುತ್ತಿದ್ದದ್ದನ್ನು ಒಂದೇ ಸಲ ಹೇಳುವಂತೆ ಮಾಡಿದರು. ಯಾವ ಭಾಗದಿಂದ ಬಂದ ಮಾತು ಎಂದು ಹೆಸರು ಸೇರಿಸಿದರು.

"ಮೇಡಂ, ಪೊರಕೆ ತಂದ್ರಾ ಇವತ್ತು?" ಎಂದು ಜೊತೆಯವರು ಕಾಲೆಳೆಯುತ್ತಿದ್ದರು.

"ತಂದಿದೀನಿ. ನಿಮ್ಮ ಟೇಬಲ್‌ಗೂ ಬರ್ತೀನಿ ಇರಿ" ಎಂದು ಅವರೂ ನಗುತ್ತಿದ್ದರು.

ಹೀಗಿರುವಾಗ ಒಂದು ವಿಚಿತ್ರ ವಾರ್ನಿಂಗ್ ಸಿಕ್ಕಿತು... "ಇಲ್ಲಿ ಏನೋ ಸರಿಯಿಲ್ಲ." ಅಷ್ಟೇ!

ಯಾವ ಸಾಲನ್ನು ಯಾರು ಬರೆದರು ಎಂಬುದು ಕೋಡ್‌ನ ಇತಿಹಾಸದಲ್ಲಿ ಇರುತ್ತದೆ. ಕುಮುದಾ ಅದನ್ನು ನೋಡಿ ಚಂದ್ರಮೌಳಿಯವರ ಹತ್ತಿರ ಹೋದರು.

"ಸರ್, ಹನ್ನೊಂದು ವರ್ಷದ ಹಿಂದೆ ಇದನ್ನ ಬರೆದೋರು ನೀವೇ. ಏನು ಸರಿಯಿಲ್ಲ ಅಂತ ನೆನಪಿದ್ಯಾ?"

"ಯಾರಿಗ್ರೀ ನೆನಪಿರುತ್ತೆ! ಇಷ್ಟು ವರ್ಷ ಏನೂ ಆಗಿಲ್ಲವಲ್ಲ... ಡಿಲೀಟ್ ಮಾಡಿ."

ಕುಮುದಾ ಡಿಲೀಟ್ ಮಾಡಲಿಲ್ಲ. ನಾಲ್ಕು ದಿನ ಅದರ ಸುತ್ತಲಿನ ಕೋಡ್ ಓದಿದರು.

ಮಗುವಿನ ಮೈಬಿಸಿ ಅಳೆಯುವ ಸೆನ್ಸರ್ ಒಂದೇ ಅಂಕಿಯನ್ನು ಹೇಳುತ್ತಲೇ ಇದ್ದರೆ ಬರುವ ಸಾಲು ಅದು. ಕುಮುದಾ ಅದನ್ನು ತಿದ್ದಿ ಬರೆದರು... "ಮೈಬಿಸಿ ಸೆನ್ಸರ್: ಅರವತ್ತು ಸೆಕೆಂಡಿನಿಂದ ಅಂಕಿ ಬದಲಾಗಿಲ್ಲ."

ಶುಕ್ರವಾರ ಬೆಳಿಗ್ಗೆ. ನಲವತ್ತು ವಾರ್ಮರ್‌ಗಳು ಆಸ್ಪತ್ರೆಗಳಿಗೆ ಹೊರಡಬೇಕು. ಲಾರಿ ಗೇಟಿನಲ್ಲಿ ನಿಂತಿದೆ.

ಕೊನೆಯ ಪರೀಕ್ಷೆಗೆ ಕುಮುದಾ ತಮ್ಮ ತಿದ್ದಿದ ಕರ್ನೆಲ್ ಹಾಕಿದರು. ಮೂವತ್ತೇಳು ಯಂತ್ರಗಳಲ್ಲಿ ಒಂದೂ ವಾರ್ನಿಂಗ್ ಇಲ್ಲ. ಮೂರರಲ್ಲಿ ಮಾತ್ರ ಒಂದೇ ಒಂದು... ಅದೇ ಸಾಲು.

"ಮೇಡಂ, ಲಾರಿ ಕಾಯ್ತಿದೆ... ಬರೀ ವಾರ್ನಿಂಗ್ ಅದು!" ಚಂದ್ರಮೌಳಿ ರೇಗಿದರು.

ಕುಮುದಾ ವಾದಕ್ಕೆ ಹೋಗಲಿಲ್ಲ. ಬಿಸಿನೀರಿನ ಚೀಲ ತಂದು ಆ ಮೂರರಲ್ಲಿ ಒಂದರ ಸೆನ್ಸರ್ ಮೇಲಿಟ್ಟರು.

ಚೀಲ ಕೈಯಲ್ಲಿ ಮುಟ್ಟಲಾಗದಷ್ಟು ಬಿಸಿ... ಪರದೆಯಲ್ಲಿ ಮಾತ್ರ ಅದೇ 36.4. ಇನ್ನೂ ಬಿಸಿ ಸಾಲದೆಂದು ಮೇಲೆ ಹೀಟರ್ ಉರಿಯುತ್ತಲೇ ಇತ್ತು.

ಆ ಜಾಗದಲ್ಲಿ ಒಂದು ಮಗು ಮಲಗಿದ್ದರೆ...?

ನಲವತ್ತನ್ನೂ ಮತ್ತೆ ಪರೀಕ್ಷಿಸುವುದೆಂದಾಯಿತು. ಲಾರಿ ಖಾಲಿ ಹೋಯಿತು. ಬಿಚ್ಚಿ ನೋಡಿದರೆ ಮೂರರಲ್ಲೂ ಸೆನ್ಸರ್‌ನ ತಂತಿ ಸಡಿಲವಾಗಿತ್ತು.

ಚಂದ್ರಮೌಳಿ ಆ ಯಂತ್ರಗಳ ಹಿಂದಿನ ವಾರದ ಹಳೆಯ ಲಾಗ್ ತೆಗೆದರು. ನಲವತ್ತು ಸಾವಿರ ಸಾಲುಗಳ ಮಧ್ಯೆ ಅವರದೇ ಮಾತು ಕೂತಿತ್ತು... "ಇಲ್ಲಿ ಏನೋ ಸರಿಯಿಲ್ಲ." ಪಕ್ಕದಲ್ಲಿದ್ದ ಪರೀಕ್ಷೆಯ ಹಾಳೆಯಲ್ಲಿ "ಪಾಸ್" ಎಂಬ ಷರಾ, ಅವರದೇ ಸಹಿ.

ಕರ್ನೆಲ್ ಬರೆಯುವವರಲ್ಲಿ ಒಂದು ಪದ್ಧತಿ ಇದೆ. ಯಾವುದೇ ತಿದ್ದುಪಡಿಯ ಕೆಳಗೆ, ಆ ತೊಂದರೆಯನ್ನು ಮೊದಲು ಗಮನಿಸಿದವರ ಹೆಸರು ಬರೆಯುತ್ತಾರೆ.

ತಮ್ಮ ಮಾನ ಹೋಯಿತು ಎಂದುಕೊಂಡೇ ಚಂದ್ರಮೌಳಿ ಕುಮುದಾರ ತಿದ್ದುಪಡಿ ತೆರೆದರು.

"ಮೊದಲು ಗಮನಿಸಿದವರು: ಚಂದ್ರಮೌಳಿ. ಹನ್ನೊಂದು ವರ್ಷದ ಹಿಂದೆಯೇ ಎಚ್ಚರಿಸಿದ್ದರು. ಅವರ ಮಾತು ಕೇಳಿಸುವ ಹಾಗೆ ಮಾಡಿದ್ದಷ್ಟೇ ನನ್ನ ಕೆಲಸ."

ಓದುತ್ತ ಓದುತ್ತ ಕಣ್ಣು ತುಂಬಿ ಬಂತು. ಎದ್ದು ಕುಮುದಾರ ಟೇಬಲ್ ಹತ್ತಿರ ಹೋದರು.

"ಡಿಲೀಟ್ ಮಾಡಿ ಅಂದವನ ಹೆಸರು ಯಾಕ್ರೀ ಹಾಕಿದ್ರಿ...?"

"ಡಿಲೀಟ್ ಮಾಡಿ ಅಂದೋರ ಹೆಸರು ಹಾಕಿಲ್ಲ ಸರ್... ಮೊದಲು ನೋಡಿದೋರ ಹೆಸರು ಹಾಕಿದೀನಿ."

ಚಂದ್ರಮೌಳಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಕಣ್ಣೊರೆಸಿಕೊಂಡು ಹೇಳಿದರು...

"ಇನ್ನೊಂದು ಪೊರಕೆ ಇದ್ರೆ ಕೊಡಿ ಮೇಡಂ."

ಇಂಥವರ ಹೆಸರು ಯಾವ ಪೇಪರಿನಲ್ಲೂ ಬರುವುದಿಲ್ಲ. ಆದರೆ ಎಲ್ಲೋ ಒಂದು ಆಸ್ಪತ್ರೆಯಲ್ಲಿ ಒಂದು ಮಗು ಬೆಚ್ಚಗೆ ನಿದ್ದೆ ಮಾಡುತ್ತಿರುತ್ತದೆ...

*ಎಲ್ಲದಕ್ಕೂ ಕೂಗುವ ಕಡೆ, ನಿಜವಾದ ಎಚ್ಚರಿಕೆ ಯಾರ ಕಿವಿಗೂ ಬೀಳುವುದಿಲ್ಲ.*

ನೀವೇ ಎಂದೋ ಗಮನಿಸಿ, ಆಮೇಲೆ ಗದ್ದಲದಲ್ಲಿ ಮರೆತುಬಿಟ್ಟ "ಏನೋ ಸರಿಯಿಲ್ಲ" ಯಾವುದು...?