ಜರಡಿಯಲ್ಲಿ ಉಳಿದ ಹದಿನಾಲ್ಕು

“ಹೀಗೇ ಹೋದ್ರೆ ನಾನು ರಿಟೈರ್ ಆಗೋ ಹೊತ್ತಿಗೆ ಮುಗಿಯುತ್ತೆ ಮೇಡಂ,” ಎಂದ ಅವಸರಪ್ಪ, ಅವಳ ಕುರ್ಚಿಯ ಬೆನ್ನಿಗೆ ಕೈಯೂರಿ ನಿಂತು. ಅವಸರಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರೇನಲ್ಲ. ಬಂದು ನಿಂತ ಲಿಫ್ಟಿನ ಗುಂಡಿಯನ್ನೂ ನಾಲ್ಕು ಸಲ ಒತ್ತುವವನಿಗೆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗ ಕೊಟ್ಟ ಬಿರುದು.

ಪರದೆಯ ಮೇಲೆ ಮೂರು ಸೆಕೆಂಡಿಗೊಂದು ಹೆಸರು ಮೂಡುತ್ತಿತ್ತು. ಎರಡು ಆಸ್ಪತ್ರೆಗಳು ಒಂದಾಗಿದ್ದವು. ಆ ಕಡೆಯ ಒಂಬತ್ತು ಸಾವಿರ ನೌಕರರ ಖಾತೆಗಳನ್ನು ಈ ಕಡೆಯ ಸರ್ವರಿಗೆ ಸೇರಿಸುವುದು ಅವಳ ಕೆಲಸ. ಸೇರುವ ತನಕ ಅವರಿಗೆ ಯಾವ ಕಂಪ್ಯೂಟರೂ ಸೊಪ್ಪು ಹಾಕುವುದಿಲ್ಲ. ಬೆಳಗ್ಗೆ ಎಂಟಕ್ಕೆ ಶುರುವಾದದ್ದು, ಹನ್ನೊಂದಾದರೂ ನಾಲ್ಕು ಸಾವಿರ ಮುಟ್ಟಿರಲಿಲ್ಲ. ನರ್ಸುಗಳು ಔಷಧದ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಓಡಾಡುತ್ತಿದ್ದಾರೆ ಎಂದು ಆ ಕಡೆಯಿಂದ ಫೋನಿನ ಮೇಲೆ ಫೋನು.

ಅವಸರಪ್ಪನ ಬಳಿ ಮದ್ದಿತ್ತು. ಒಬ್ಬೊಬ್ಬರು ಒಳಗೆ ಬಂದಾಗಲೂ ಸರ್ವರು ಇಡೀ ಪಟ್ಟಿಯನ್ನು ಮತ್ತೆ ಜೋಡಿಸುತ್ತಿದೆ. ಬಸ್ಸಿಗೆ ಒಬ್ಬ ಹತ್ತಿದಾಗಲೆಲ್ಲ ಕೂತವರನ್ನು ಎಬ್ಬಿಸಿ ಎತ್ತರದ ಪ್ರಕಾರ ಕೂರಿಸಿದ ಹಾಗೆ, ಎಂದ. ಎಲ್ಲರನ್ನೂ ಮೊದಲು ಒಳಗೆ ತುಂಬೋಣ, ಜೋಡಣೆ ಮತ್ತು ತಪಾಸಣೆ ಕೊನೆಗೆ ಒಂದೇ ಸಲ ಆಗಲಿ. ಜೊತೆಗೆ ಹೀಗೆ ಹೆಸರು ತೋರಿಸುವುದನ್ನೂ ನಿಲ್ಲಿಸಿದರೆ ಕಾಲು ಗಂಟೆಯ ಕೆಲಸ. ಅಷ್ಟು ಹೇಳಿ, ಅವಳ ಮುಖ ನೋಡಿದ. “ನಿಮಗಿದು ಗೊತ್ತಿಲ್ದೇ ಇರೋದಲ್ಲ. ಹೆಸರು ಓದ್ಕೊಂಡು ಕೂರೋಕೆ ಇದೇನು ಶಾಲೆ ಹಾಜರಿನಾ?”

ಗೊತ್ತಿಲ್ಲದೇನು? ಆ ಹಾಜರಿಯಲ್ಲಿ ಅವಳು ಒಂದು ಹೆಸರಿಗಾಗಿ ಕಾಯುತ್ತಿದ್ದಳು. ಅವಳ ತಮ್ಮ ಆ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿದ್ದಾನೆಂದು ಯಾರೋ ಹೇಳಿ ಮೂರು ವರ್ಷ. ಮಾತು ನಿಂತು ಒಂಬತ್ತು. ಪರೀಕ್ಷೆಯ ಹೊತ್ತಲ್ಲಿ ಹುಡುಗ ಗಾಬರಿಯಾಗುವುದು ಬೇಡವೆಂದು ಅಮ್ಮನ ಕಾಯಿಲೆಯನ್ನು ಅವನಿಂದ ಮುಚ್ಚಿಟ್ಟಿದ್ದಳು. ಅವನು ಬರುವಷ್ಟರಲ್ಲಿ ಅಮ್ಮನೇ ಇರಲಿಲ್ಲ. ಅವನು ಜಗಳವನ್ನೂ ಆಡಲಿಲ್ಲ, ಬ್ಯಾಗು ಎತ್ತಿಕೊಂಡು ಹೋದ. ಜಗಳವಾಡಿದ್ದರೆ ರಾಜಿಗಾದರೂ ಒಂದು ದಾರಿ ಇರುತ್ತಿತ್ತು.

ಕಡತದಲ್ಲಿ ಹುಡುಕಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಗೊತ್ತಾಗುತ್ತಿತ್ತು. ಅದಕ್ಕೇ ಅವಳು ಹುಡುಕಿರಲಿಲ್ಲ. ಇಲ್ಲ ಎಂದು ಬಂದರೆ ಆ ಕ್ಷಣಕ್ಕೆ ಮುಗಿಯಿತು. ಹೀಗೆ ಒಂದೊಂದೇ ಹೆಸರು ಬರುತ್ತಿದ್ದರೆ ಮುಂದಿನದು ಅವನದೇ ಇರಬಹುದು ಎಂದು ಸಂಜೆಯ ತನಕ ಕೂರಬಹುದು. ಬೆಳಗ್ಗೆ ಎಂಟರಿಂದ ಅವಳು ನೀರು ಕುಡಿಯಲೂ ಎದ್ದಿರಲಿಲ್ಲ.

ಮತ್ತೆ ಫೋನು. ಈ ಸಲ ಅವಸರಪ್ಪನೇ ಎತ್ತಿ, ಕೇಳಿಸಿಕೊಂಡು, ಇಟ್ಟ. ಮಕ್ಕಳ ವಾರ್ಡಿನಲ್ಲಿ ಒಬ್ಬರ ಚೀಟಿ ಇನ್ನೊಬ್ಬರ ಮಂಚಕ್ಕೆ ಹೋಗಿತ್ತಂತೆ, ಪುಣ್ಯಕ್ಕೆ ಯಾರೋ ನೋಡಿದರಂತೆ. ಅವಳು ಕೆಲಸ ನಿಲ್ಲಿಸಿ, ಸೇರಿದ್ದನ್ನೆಲ್ಲ ಅಳಿಸಿ, ಅವನು ಹೇಳಿದಂತೆ ಮೊದಲಿನಿಂದ ಶುರುಮಾಡಿದಳು. ಕಪ್ಪು ಪರದೆಯ ಮೇಲೆ ಹೆಸರಿನ ಸುಳಿವಿಲ್ಲ, ಒಂದು ಅಂಕಿ ಮಾತ್ರ ಹುಚ್ಚು ಹಿಡಿದಂತೆ ಏರುತ್ತಿತ್ತು. ಅಷ್ಟು ಜನರಲ್ಲಿ ಅವನು ಯಾವಾಗ ದಾಟಿಹೋದನೋ, ಇದ್ದನೋ ಇಲ್ಲವೋ. ಹನ್ನೊಂದು ನಿಮಿಷಕ್ಕೆ ಎಲ್ಲ ಮುಗಿಯಿತು.

“ಹದಿನಾಲ್ಕು ಜನ ಜರಡಿಯಲ್ಲಿ ಉಳಿದ್ರು,” ಎಂದ ಅವಸರಪ್ಪ, ಕೊನೆಯ ತಪಾಸಣೆಯ ಹಾಳೆಯನ್ನು ಪ್ರಿಂಟರಿನಿಂದ ಎಳೆಯುತ್ತ. ವಿವರದಲ್ಲಿ ತಪ್ಪಿದ್ದವರು. ಬೆಳಗ್ಗೆಯ ವಿಧಾನದಲ್ಲಿ ಇಂಥವರು ಪರದೆಗೇ ಬರದೆ ಸದ್ದಿಲ್ಲದೆ ಬದಿಗೆ ಬೀಳುತ್ತಿದ್ದರು. ಫೋನ್ ಮಾಡಿ, ಸರಿಯಾದದ್ದನ್ನು ನೌಕರನ ಬಾಯಿಂದಲೇ ಕೇಳಿ ತುಂಬಬೇಕೆಂಬುದು ನಿಯಮ. ಅವನು ಹಾಳೆಯನ್ನು ಮಧ್ಯಕ್ಕೆ ಹರಿದು ಕೆಳಗಿನ ಏಳನ್ನು ಅವಳ ಮುಂದಿಟ್ಟ.

ಮೂರನೆಯ ಸಾಲಿನಲ್ಲಿ ತಮ್ಮನಿದ್ದ. ತುರ್ತಿದ್ದಾಗ ತಿಳಿಸಬೇಕಾದವರು: ಅಕ್ಕ. ಮುಂದೆ ಹಳೆಯ ಮನೆಯ ಲ್ಯಾಂಡ್‌ಲೈನಿನ ಆರಂಕಿಯ ನಂಬರು. ಸಂಜೆಯವರೆಗೆ ಪರದೆ ನೋಡುತ್ತ ಕೂತಿದ್ದರೆ ಅವನು ಇಲ್ಲವೆಂದುಕೊಂಡು ಎದ್ದು ಮನೆಗೆ ಹೋಗುತ್ತಿದ್ದಳು.

ಮೊದಲ ಎರಡು ಕರೆಗಳನ್ನು ಹೇಗೆ ಮುಗಿಸಿದಳೋ ಅವಳಿಗೇ ಗೊತ್ತಿಲ್ಲ. ಮೂರನೆಯದಕ್ಕೆ ಆ ಕಡೆಯಿಂದ ಬಂದ ಹಲೋ ದಪ್ಪಗಾಗಿತ್ತು, ಅಪ್ಪನ ದನಿಯ ಹಾಗೆ. ಅವಳು ಕಚೇರಿಯ ದನಿಯನ್ನೇ ಗಟ್ಟಿಯಾಗಿ ಹಿಡಿದು, ನಿಮ್ಮ ಖಾತೆಯಲ್ಲಿ ಅಕ್ಕನವರ ನಂಬರು ಸರಿಯಿಲ್ಲ, ಬದಲಾಯಿಸಬೇಕು ಎಂದಳು.

“ಆ ಫೋನ್ ನಿಂತುಹೋಗಿ ಎಷ್ಟೋ ವರ್ಷ ಆಯ್ತು ಮೇಡಂ, ಗೊತ್ತು,” ಎಂದ. ಅವನ ಹಿಂದೆ ಯಾರೋ ಯಾರಿಗೋ ಉಸಿರು ಬಿಗಿಹಿಡಿಯಲು ಹೇಳುತ್ತಿದ್ದರು. “ಬೇರೆ ನಂಬರ್ ನನ್ನ ಹತ್ರ ಇಲ್ಲ. ಇನ್ಯಾರ ಹೆಸರನ್ನಾದ್ರೂ ಹಾಕಿ ಅಂತ ಇಲ್ಲೂ ಹೇಳಿದ್ರು. ನಾನೇ ಬೇಡ ಅಂದೆ.”

ಅವಳು ಹಾಳೆಯ ಮೇಲಿನ ಆ ಆರಂಕಿಗೆ ಅಡ್ಡಗೆರೆ ಎಳೆದಳು. ಎದುರು ಮೇಜಿನಲ್ಲಿ ಅವಸರಪ್ಪ ತನ್ನ ಏಳನ್ನೂ ಮುಗಿಸಿ ಹಾಳೆಯನ್ನು ಮಡಚುತ್ತಿದ್ದ.

“ಮೇಡಂ? ಹಾಗೇ ಬಿಟ್ರೆ ನಡೆಯಲ್ವಾ?”

“ಪೆನ್ ಇದೆಯೇನೋ? ನನ್ನ ನಂಬರ್ ಬರ್ಕೋ,” ಎಂದಳು.