ಓಡಿಹೋದವಳ ಪ್ರಕಟಣೆ

ಫಿಲಡೆಲ್ಫಿಯದ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಗುಲಾಮ ಟೈಟಸ್‌ನ ಮುಂದೆ ಊರಿನ ಶ್ರೀಮಂತರೊಬ್ಬರು ಎರಡು ಹಾಳೆ ಇಟ್ಟರು. ಒಂದು, ಮನುಷ್ಯರೆಲ್ಲ ಹುಟ್ಟಿನಿಂದಲೇ ಸ್ವತಂತ್ರರು ಎಂದು ಬ್ರಿಟನ್ನಿನ ದೊರೆಗೆ ಬುದ್ಧಿ ಹೇಳುವ ಲೇಖನ. ಇನ್ನೊಂದು, ತಮ್ಮ ಮನೆಯಿಂದ ಓಡಿಹೋದ ಡೈನಾಳನ್ನು ಹಿಡಿದುಕೊಡಿ ಎಂಬ ಪ್ರಕಟಣೆ.

ಡೈನಾ ಅವನ ಮಗಳು. ಆರು ವರ್ಷದವಳಿದ್ದಾಗ, ಎಡಗೆನ್ನೆಯ ಸುಟ್ಟ ಗಾಯ ಮಾಯುವ ಮೊದಲೇ, ಮಾರಿದ್ದರು. ಹನ್ನೊಂದು ವರ್ಷದಿಂದ ಅವಳ ಹೆಸರು ಹೇಳಿಕೊಳ್ಳಲೂ ಅವನಿಗೆ ಯಾರೂ ಇರಲಿಲ್ಲ. ‘ಎತ್ತರದ ಹುಡುಗಿ, ಎಡಗೆನ್ನೆಯಲ್ಲಿ ಸುಟ್ಟ ಕಲೆ, ಸದಾ ಹಾಡುತ್ತಿರುತ್ತಾಳೆ’ ಎಂದಿದ್ದುದನ್ನು ಟೈಟಸ್ ಮಗಳೇ ಬರೆದ ಕಾಗದವೆಂಬಂತೆ ಮೂರು ಸಲ ಓದಿಕೊಂಡ.

“ಏನೋ, ಅಕ್ಷರ ಗೊತ್ತಾಗ್ತಿಲ್ವಾ?”

“ನಿಮ್ಮ ಅಕ್ಷರ ಮುತ್ತಿನಂಗಿದೆ ಧಣಿ. ಈ ಹುಡುಗಿ ಅಷ್ಟು ಎತ್ತರವಾ?”

“ನಿನ್ನಷ್ಟಿದ್ದಾಳೆ. ಅವಳದ್ದು ಬಿಡು. ನನ್ನ ಲೇಖನದಲ್ಲಿ ಒಂದು ಚುಕ್ಕಿ ತಪ್ಪಿದ್ರೂ ಚರ್ಮ ಸುಲಿಸ್ತೀನಿ.”

ಸಂಜೆ ಎರಡೂ ಇದ್ದ ಪುಟದ ಕರಡಚ್ಚು ಬಂತು. ಶ್ರೀಮಂತರು ತಮ್ಮ ಲೇಖನವನ್ನು ಗಟ್ಟಿಯಾಗಿ ಎರಡು ಸಲ ಓದಿ, “ಭೇಷ್, ಒಂದೂ ತಪ್ಪಿಲ್ಲ!” ಎಂದು ಸಹಿ ಹಾಕಿದರು.

ಮರುದಿನ ಊರಿಗೆ ಊರೇ ಬಲಗೆನ್ನೆಯಲ್ಲಿ ಕಲೆಯಿರುವ, ಮಾತು ಬಾರದ ಒಬ್ಬ ಕುಳ್ಳಿಯನ್ನು ಹುಡುಕತೊಡಗಿತು.